ತೋಟದಲ್ಲಿ ಬಿದ್ದಿರುವ 14 ಅಡಿಯ ಹಳೆಯ ಫೈಬರ್ ದೋಣಿ: ಮನೆಯಲ್ಲೇ ದುರಸ್ತಿ ಸಾಧ್ಯವೇ?

ಶಿಂಷಾತೀರ, ಕುಣಿಗಲ್

ಎಲ್ಲರಿಗೂ ನಮಸ್ಕಾರ. ಸಂಬಂಧಿಕರೊಬ್ಬರ ತೆಂಗಿನ ತೋಟದಲ್ಲಿ ಹಲವು ವರ್ಷಗಳಿಂದ ಬಿದ್ದಿದ್ದ ಫೈಬರ್ ದೋಣಿಯೊಂದು ಈಗ ನನ್ನ ಪಾಲಿಗೆ ಬಂದಿದೆ. ಅದರ ಉದ್ದ 14 ಅಡಿ, ಅಗಲ 5 ಅಡಿ. ಬಾಸ್ ಎಂಬ ಮೀನಿಗೆ ಗಾಳ ಹಾಕಲು ಅಮೆರಿಕದಲ್ಲಿ ಬಳಸುವ ಬಾಸ್ ದೋಣಿಗಳ ಮಾದರಿಯನ್ನು ನೋಡಿ ಕರಾವಳಿಯಲ್ಲಿ ಯಾರೋ ಆಸಕ್ತರು ಮಾಡಿಸಿಕೊಂಡದ್ದು ಎಂದು ಹೇಳುತ್ತಾರೆ. ಮುಂದೆ ಮತ್ತು ಹಿಂದೆ ನಿಂತು ಗಾಳ ಎಸೆಯಲು ಎತ್ತರದ ಅಟ್ಟಗಳಿವೆ, ನಡುವೆ ಎರಡು ಆಸನಗಳೂ ಹಿಡಿದ ಮೀನನ್ನು ಜೀವಂತವಾಗಿಡುವ ಒಂದು ತೊಟ್ಟಿಯೂ ಇವೆ, ಹಿಂಬದಿಯಲ್ಲಿ 15 ಎಚ್‌ಪಿಯ ಎರಡು ಸ್ಟ್ರೋಕ್ ಎಂಜಿನ್ ತೂಗುತ್ತಿದೆ.

ಹೊದಿಸಿದ್ದ ಟಾರ್ಪಾಲು ಹರಿದು ಎಷ್ಟೋ ಮಳೆಗಾಲಗಳ ನೀರು ಒಳಗೆ ನಿಂತಿದೆ. ಮೇಲಿಂದ ಬಿದ್ದ ತೆಂಗಿನಕಾಯಿಗಳಿಂದ ಮುಂದಿನ ಅಟ್ಟದ ಮೇಲೆ ನಕ್ಷತ್ರದಾಕಾರದ ಬಿರುಕುಗಳಾಗಿವೆ. ನಡುವಿನ ನೆಲವನ್ನು ತುಳಿದರೆ ಕುಸಿಯುವಂತಾಗುತ್ತದೆ, ಎಂಜಿನ್ ಕೂರಿಸಿರುವ ಹಿಂಗೋಡೆಯ ಬೋಲ್ಟ್ ರಂಧ್ರಗಳಿಂದ ಕಂದು ಬಣ್ಣದ ನೀರು ಒಸರಿ ಕಲೆಯಾಗಿದೆ, ಮತ್ತು ಎಂಜಿನ್ನಿನ ತಿರುಗುಚಕ್ರವಾದ ಫ್ಲೈವೀಲ್ ಕೈಯಿಂದ ತಿರುಗುತ್ತಿಲ್ಲ. ನನ್ನ ಬಳಿ ಆಂಗಲ್ ಗ್ರೈಂಡರ್, ಡ್ರಿಲ್ ಮತ್ತು ಮೂರು ಕಡೆ ತೆರೆದಿರುವ ಶೀಟಿನ ಕೊಟ್ಟಿಗೆ ಇದೆ; ಫೈಬರ್ ಕೆಲಸದ ಅನುಭವವಿಲ್ಲ. ಇದು ದುರಸ್ತಿಗೆ ಯೋಗ್ಯವೇ, ಯೋಗ್ಯವಾದರೆ ಮೊದಲು ಎಲ್ಲಿ ಕೈ ಹಾಕಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಗಾಳದ ಗೆಳೆಯ, ತುಮಕೂರು

ಈ ಬಗೆಯ ದೋಣಿ ಯಾಕೆ ಹೀಗಿದೆ ಎಂಬುದು ಗೊತ್ತಿದ್ದರೆ ಅದು ಎಲ್ಲಿ ಕೊಳೆಯುತ್ತದೆ ಎಂಬುದೂ ಗೊತ್ತಾಗುತ್ತದೆ, ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ. ಮೊದಲ ಬಾಸ್ ದೋಣಿ ಎಂದು ಸಾಮಾನ್ಯವಾಗಿ ಹೆಸರಿಸುವುದು 1948ರಲ್ಲಿ ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಹೋಮ್ಸ್ ಥರ್ಮಂಡ್ ರೂಪಿಸಿದ ಸ್ಕೀಟರ್ ದೋಣಿಯನ್ನು. 1968ರಲ್ಲಿ ಅರ್ಕನ್ಸಾಸ್‌ನ ಫ್ಲಿಪ್ಪಿನ್ ಎಂಬ ಊರಿನಲ್ಲಿ ಫಾರೆಸ್ಟ್ ವುಡ್ ಅವರು ರೇಂಜರ್ ದೋಣಿಗಳನ್ನು ಆರಂಭಿಸಿದ ಮೇಲೆ ಈಗ ನಾವು ಚಿತ್ರಗಳಲ್ಲಿ ನೋಡುವ ರೂಪ ಜನಪ್ರಿಯವಾಯಿತು. ಆಳವಿಲ್ಲದ, ಮರದ ಕೊರಡು ಮತ್ತು ಜೊಂಡು ತುಂಬಿದ ನೀರಿನಲ್ಲಿ ನಿಂತುಕೊಂಡು ಗಾಳ ಎಸೆಯಬೇಕಾದ್ದರಿಂದ ದೋಣಿಯ ಅಂಚು ತಗ್ಗಾಗಿರುತ್ತದೆ ಮತ್ತು ಅಟ್ಟ ಅಗಲವಾಗಿರುತ್ತದೆ.

ಈ ಅಟ್ಟಗಳೇ ತೊಂದರೆಯ ಮೂಲ. ಕೆಳಗಿನ ತಳ ಒಂದು ಅಚ್ಚಿನಿಂದ, ಮೇಲಿನ ಹೊದಿಕೆ ಇನ್ನೊಂದು ಅಚ್ಚಿನಿಂದ ಬರುತ್ತದೆ. ಎರಡನ್ನೂ ಅಂಚಿನಲ್ಲಿ ರಿವೆಟ್ ಮಾಡಿ ರಬ್ಬರ್ ಪಟ್ಟಿಯಿಂದ ಮುಚ್ಚುತ್ತಾರೆ. ನಡುವಿನ ಖಾಲಿ ಜಾಗಕ್ಕೆ ಹೊಕ್ಕ ನೀರು ಹೊರಬರಲು ದಾರಿಯಿರುವುದಿಲ್ಲ. ನಮ್ಮ ಕಡೆಯ ತೆರೆದ ಒಡಲಿನ ಮೀನುಗಾರಿಕೆ ದೋಣಿಗಳಲ್ಲಿ ಈ ಸಮಸ್ಯೆ ಇಷ್ಟಿಲ್ಲ, ಮಗುಚಿ ಹಾಕಿದರೆ ನೀರು ಸುರಿದುಹೋಗುತ್ತದೆ.

ಅಂದ ಹಾಗೆ, ಆ ಬಾಸ್ ಮೀನು ಉತ್ತರ ಅಮೆರಿಕದ್ದು. ನಮ್ಮ ಕೆರೆ ಮತ್ತು ಜಲಾಶಯಗಳಲ್ಲಿ ನಿಮಗೆ ಸಿಗುವುದು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಜಿಲೇಬಿ ಮತ್ತು ಅದೃಷ್ಟವಿದ್ದರೆ ಕೊರವ. ಜೊಂಡಿನ ಅಂಚಿನಲ್ಲಿ ಹೊಂಚು ಹಾಕುವ ಕೊರವನಿಗೆ ಕೃತಕ ಕಪ್ಪೆಯನ್ನು ಎಸೆಯಲು ಈ ಅಟ್ಟ ಬಹಳ ಅನುಕೂಲ, ಆದ್ದರಿಂದ ಕೊಳೆತ ಅಟ್ಟವನ್ನು ತೆಗೆದು ಬಿಸಾಡದೆ ಅದೇ ಎತ್ತರದಲ್ಲಿ ಮತ್ತೆ ಕಟ್ಟಿಸಿ ಎಂಬುದು ನನ್ನ ಮಾತು.

ಫೈಬರ್ ಕೈ, ಅಂತರಸನಹಳ್ಳಿ

ನಾನು ನೀರಿನ ತೊಟ್ಟಿ, ಬಸ್ಸಿನ ಮುಖವಾಡ, ತೆಪ್ಪಗಳ ಫೈಬರ್ ಕೆಲಸ ಮಾಡುವವನು. ನಿಮ್ಮ ದೋಣಿ ಯೋಗ್ಯವೇ ಎಂಬ ಪ್ರಶ್ನೆಗೆ ಮೇಲಿನ ಬಣ್ಣವನ್ನಾಗಲೀ ಬಿರುಕುಗಳನ್ನಾಗಲೀ ನೋಡಿ ಉತ್ತರಿಸಲಾಗದು. ಫೈಬರ್ ಸ್ವತಃ ಕೊಳೆಯುವುದಿಲ್ಲ. ಕೊಳೆಯುವುದು ಅದರೊಳಗೆ ಮುಚ್ಚಿಟ್ಟ ಪ್ಲೈವುಡ್. ಅದು ಮುಖ್ಯವಾಗಿ ಮೂರು ಕಡೆ ಇರುತ್ತದೆ: ಟ್ರಾನ್ಸಮ್ ಎಂದು ಕರೆಯುವ ಹಿಂಗೋಡೆಯಲ್ಲಿ, ತಳದ ಉದ್ದಕ್ಕೂ ಓಡುವ ಸ್ಟ್ರಿಂಗರ್ ತೊಲೆಗಳಲ್ಲಿ ಮತ್ತು ನೆಲಹಾಸಿನಲ್ಲಿ. ಈ ಮೂರರಲ್ಲಿ ಎಷ್ಟು ಉಳಿದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸುತ್ತಿಗೆಯ ಹಿಡಿಯಿಂದ ಹಿಂಗೋಡೆಯನ್ನು ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಖಣ್ ಎಂಬ ಚುರುಕಾದ ಸದ್ದು, ಕೊಳೆತ ಕಡೆ ಮಂದವಾದ ಸದ್ದು ಬರುತ್ತದೆ. ಅನುಮಾನವಿರುವ ಕಡೆ ಒಳಮೈಯಿಂದ ಮಾತ್ರ 5 ಮಿ.ಮೀ. ಬಿಟ್ ಹಾಕಿ ಸಣ್ಣ ರಂಧ್ರಗಳನ್ನು ಕೊರೆದು, ಹೊರಬರುವ ಪುಡಿಯನ್ನು ನೋಡಿ. ಒಣಗಿದ ತಿಳಿ ಬಣ್ಣದ ಚೂರು ಬಂದರೆ ಮರ ಬದುಕಿದೆ. ಕಾಫಿ ಗಷ್ಟಿನಂತೆ ಕಪ್ಪಗೆ ಒದ್ದೆಯಾಗಿ ಬಂದರೆ ಅಲ್ಲಿ ಮರವೇ ಇಲ್ಲ ಎಂದುಕೊಳ್ಳಬೇಕು. ರಂಧ್ರ ಹೊರಮೈಯನ್ನು ತೂರದಂತೆ ಬಿಟ್ಟಿಗೆ ಟೇಪು ಸುತ್ತಿ ಆಳವನ್ನು ಗುರುತು ಮಾಡಿಕೊಳ್ಳಿ. ಇನ್ನೊಂದು ಪರೀಕ್ಷೆಯೆಂದರೆ ಎಂಜಿನ್ನಿನ ಕೆಳಭಾಗವನ್ನು ಹಿಡಿದು ಮೇಲೆ ಕೆಳಗೆ ಒತ್ತುವುದು. ಹಿಂಗೋಡೆ ಅದರ ಜೊತೆ ಬಾಗಿದರೆ ಮುಂದಿನ ಚರ್ಚೆ ಬೇಕಿಲ್ಲ, ಬದಲಿಸಲೇಬೇಕು.

ತಳದ ಹೊರಮೈಯನ್ನು ಕೂಡ ನೋಡಿ. ಹಿಂಗೋಡೆಯಿಂದ ಮುಂದಕ್ಕೆ ಐದಾರು ಅಡಿ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ತಳಕ್ಕೆ ಹಿಡಿದಾಗ ನಡುವೆ ಬೆಳಕು ಕಾಣಬಾರದು. ವರ್ಷಗಟ್ಟಲೆ ಎರಡು ಕಲ್ಲುಗಳ ಮೇಲೆ ಕೂತ ದೋಣಿಯ ತಳ ಬಾಗಿರುತ್ತದೆ, ಮತ್ತು ಹಾಗೆ ಬಾಗಿದ ಸ್ಥಿತಿಯಲ್ಲೇ ಹೊಸ ತೊಲೆ ಕೂರಿಸಿದರೆ ಆ ಬಾಗು ಶಾಶ್ವತವಾಗುತ್ತದೆ. ತಳ ನೇರವಾಗಿದ್ದು ಹೊರಮೈಯಲ್ಲಿ ಆರಪಾರ ಒಡಕಿಲ್ಲದಿದ್ದರೆ, ಒಳಗಿನ ಮರ ಪೂರ್ತಿ ಹೋಗಿದ್ದರೂ ನಾನು ಆ ದೋಣಿಯನ್ನು ಉಳಿಸಿಕೊಳ್ಳುತ್ತೇನೆ.

ಅಂತರಗಂಗೆ, ಕೋಲಾರ

ಇಷ್ಟೆಲ್ಲ ಯಾಕೆ? ಕೆರೆಯಲ್ಲಿ ಗಾಳ ಹಾಕಲು ಒಂದು ಫೈಬರ್ ತೆಪ್ಪವೇ ಸಾಕು, ಹುಟ್ಟು ಹಾಕಿದರೆ ಪೆಟ್ರೋಲೂ ಬೇಡ. ಈ ದುರಸ್ತಿಗೆ ಸುರಿಯುವ ಹಣದಲ್ಲಿ ಹೊಸ ಸಾದಾ ದೋಣಿಯೇ ಬಂದೀತು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಫೈಬರ್ ಕೈ, ಅಂತರಸನಹಳ್ಳಿ

ಹಣದ ಲೆಕ್ಕವೊಂದನ್ನೇ ಹಿಡಿದರೆ ಕೋಲಾರದವರ ಮಾತು ಸರಿ, ನಾನೇ ತೆಪ್ಪ ಮಾಡುವವನಾಗಿ ಅದನ್ನು ಅಲ್ಲಗಳೆಯಲಾರೆ. ಆದರೆ ತೆಪ್ಪದಲ್ಲಿ ನಿಂತು ಗಾಳ ಎಸೆಯಲು ಬರುವುದಿಲ್ಲ, ಗಾಳಿಗೆ ಎದುರಾಗಿ ಸಾಗುವುದೂ ಕಷ್ಟ.

ಶಿಂಷಾತೀರ, ಕುಣಿಗಲ್

ಹೇಳಿದಂತೆ ಪರೀಕ್ಷಿಸಿದೆ. ಹಿಂಗೋಡೆಯ ಮೇಲಿನ ಮೂಲೆಗಳಲ್ಲಿ ಮಾತ್ರ ಒಣ ಚೂರು ಬಂತು. ನಡುವಿನಿಂದ ಕೆಳಗೆ ಎಲ್ಲ ರಂಧ್ರಗಳಿಂದ ಕಪ್ಪು ಒದ್ದೆ ಪುಡಿ, ಒಂದರಿಂದ ನೀರೇ ಸೋರಿತು. ನೆಲಹಾಸಿನ ಒಂದು ಭಾಗವನ್ನು ಕತ್ತರಿಸಿದಾಗ ಕೆಳಗೆ ಹಳದಿ ಫೋಮ್ ಇತ್ತು; ಕೈಯಲ್ಲಿ ಹಿಂಡಿದರೆ ನೀರು ಸುರಿಯುತ್ತದೆ. ತೊಲೆಗಳ ಮೇಲಿನ ಫೈಬರ್ ಚಿಪ್ಪು ಸರಿಯಾಗಿದೆ, ಒಳಗಿನ ಮರವನ್ನು ಗೆದ್ದಲು ತಿಂದಿದೆ. ತಳ ನೇರವಾಗಿದೆ, ಹೊರಮೈಯಲ್ಲಿ ಒಡಕು ಕಾಣಲಿಲ್ಲ. ತೋಟದಲ್ಲಿ ಬಲಿತ ತೆಂಗಿನ ಮರಗಳಿವೆ, ಹಲಗೆ ಕೊಯ್ಸಿ ತೊಲೆಗೆ ಬಳಸಬಹುದೇ ಎಂಬುದನ್ನೂ ತಿಳಿಸಿ.

ಬಡಗಿ ಮನೆ, ತಿಪಟೂರು

ತೆಂಗಿನ ಹಲಗೆ ಬೇಡ. ತೆಂಗಿನ ಕಾಂಡದ ಹೊರಭಾಗ ಕಬ್ಬಿಣದಷ್ಟು ಗಟ್ಟಿಯಾಗಿದ್ದರೂ ಒಳಕ್ಕೆ ಹೋದಂತೆ ಮೆತ್ತಗಾಗುತ್ತದೆ, ಒಂದೇ ಹಲಗೆಯಲ್ಲಿ ಎರಡು ಗುಣ ಇರುತ್ತದೆ. ತೇಗವೂ ಬೇಡ. ಯಾವುದೇ ಘನ ಮರ ತೇವಕ್ಕೆ ಅಗಲದಲ್ಲಿ ಹಿಗ್ಗಿ ಕುಗ್ಗುವುದರಿಂದ ಅದರ ಮೇಲೆ ಹೊದಿಸಿದ ಫೈಬರ್ ಕ್ರಮೇಣ ಬಿಟ್ಟುಕೊಳ್ಳುತ್ತದೆ. ಪ್ಲೈವುಡ್‌ನಲ್ಲಿ ಪದರಗಳು ಅಡ್ಡಡ್ಡ ಅಂಟಿರುವುದರಿಂದ ಆ ಚಲನೆ ಕಡಿಮೆ.

ಪ್ಲೈವುಡ್ ಅಂಗಡಿಯಲ್ಲಿ ವಾಟರ್‌ಪ್ರೂಫ್ ಎಂಬ ಮಾತಿಗೆ ಒಪ್ಪಿಕೊಳ್ಳಬೇಡಿ. ಐ.ಎಸ್. 710 ಎಂಬ ಗುರುತು ಐ.ಎಸ್.ಐ. ಮುದ್ರೆಯೊಂದಿಗೆ ಹಲಗೆಯ ಮೇಲೆ ಇರಬೇಕು, ಅದೇ ಮೆರೈನ್ ದರ್ಜೆ. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವ ಮಾನದಂಡವಿದೆ. ಅಡುಗೆಮನೆಯ ಕಪಾಟುಗಳಿಗೆ ಕೊಡುವ ಐ.ಎಸ್. 303 ಬೇರೆ. ಕೊಂಡ ಹಲಗೆಯ ಅಂಚನ್ನು ಕೊಯ್ದು ನೋಡಿದಾಗ ಒಳಪದರಗಳ ನಡುವೆ ಖಾಲಿ ಸಂದುಗಳು ಕಂಡರೆ ಹಿಂತಿರುಗಿಸಿ, ಏಕೆಂದರೆ ಹಿಂಗೋಡೆಯಲ್ಲಿ ಅಂಥ ಸಂದೇ ನೀರಿನ ಕಾಲುವೆಯಾಗುತ್ತದೆ.

ಹಳೆಯ ಹಿಂಗೋಡೆಯ ದಪ್ಪವನ್ನು ಮೇಲಿನ ಒಣ ಮೂಲೆಯಲ್ಲಿ ಅಳೆದುಕೊಳ್ಳಿ. ಸಾಮಾನ್ಯವಾಗಿ 18 ಮಿ.ಮೀ. ಹಲಗೆ ಎರಡನ್ನು ಬೆನ್ನಿಗೆ ಬೆನ್ನು ಅಂಟಿಸಿದರೆ ಈ ಅಳತೆಯ ಎಂಜಿನ್ನಿಗೆ ಸರಿಹೋಗುತ್ತದೆ. ಮೊದಲು ದಪ್ಪ ರಟ್ಟಿನಲ್ಲಿ ಮಾದರಿ ಕತ್ತರಿಸಿ, ತಳದ ತಿರುವಿಗೆ ಹೊಂದುವ ತನಕ ತಿದ್ದಿ, ಆಮೇಲೆ ಹಲಗೆಗೆ ಕೈಹಚ್ಚಿ. ಎಂಜಿನ್ ಕೂರುವ ಜಾಗದ ಎತ್ತರವನ್ನು ಬದಲಿಸಬೇಡಿ: ಗಿಡ್ಡ ಶಾಫ್ಟಿನ ಎಂಜಿನ್ನಿಗೆ ಸುಮಾರು 15 ಅಂಗುಲ, ಉದ್ದ ಶಾಫ್ಟಿಗೆ ಸುಮಾರು 20 ಅಂಗುಲ ಎಂಬುದು ರೂಢಿಯ ಅಳತೆ. ನೆಲಹಾಸಿಗೆ 12 ಮಿ.ಮೀ. ಸಾಕು.

ಫೈಬರ್ ಕೈ, ಅಂತರಸನಹಳ್ಳಿ

ಈಗ ಕೆಲಸದ ಕ್ರಮ. ಮೇಲಿನ ಹೊದಿಕೆಯನ್ನು ಬಿಚ್ಚುವ ಮೊದಲು ದೋಣಿಯನ್ನು ತಳದ ಆಕಾರಕ್ಕೆ ಸರಿಯಾಗಿ ಕತ್ತರಿಸಿದ ಮರದ ತೊಟ್ಟಿಲಿನ ಮೇಲೆ ಕೂರಿಸಿ, ಮಟ್ಟಗೋಲು ಹಿಡಿದು ನಾಲ್ಕೂ ಕಡೆ ಸಮ ಮಾಡಿ, ಎರಡು ಬದಿಗಳ ನಡುವೆ ಅಡ್ಡಪಟ್ಟಿಗಳನ್ನು ಕಟ್ಟಿ. ಹೊದಿಕೆ, ತೊಲೆ, ಹಿಂಗೋಡೆ ಮೂರನ್ನೂ ಒಟ್ಟಿಗೆ ತೆಗೆದ ಚಿಪ್ಪಿಗೆ ಸ್ವಂತ ಬಿಗಿತ ಇರುವುದಿಲ್ಲ, ಅದು ತೆರೆದುಕೊಂಡರೆ ಹೊದಿಕೆ ಮತ್ತೆ ಕೂರುವುದಿಲ್ಲ. ಆದ್ದರಿಂದ ಒಂದು ಭಾಗವನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಮೊದಲು ಹಿಂಗೋಡೆ, ಅನಂತರ ಒಂದೊಂದಾಗಿ ತೊಲೆಗಳು, ಕೊನೆಗೆ ನೆಲ.

ಹಿಂಗೋಡೆಯನ್ನು ಒಳಗಿನಿಂದ ಬಿಚ್ಚಿ. ಒಳಬದಿಯ ಫೈಬರ್ ಪದರವಾದ ಒಳಚರ್ಮವನ್ನು ಅಂಚಿನಲ್ಲಿ ಎರಡು ಮೂರು ಅಂಗುಲ ಬಿಟ್ಟು ಕತ್ತರಿಸಿ ತೆಗೆದರೆ, ಕೊಳೆತ ಮರವನ್ನು ಉಳಿಯಿಂದ ಕೆರೆದು ತೆಗೆಯಬಹುದು. ಹೊರಚರ್ಮ ಹಾಗೇ ಉಳಿಯುವುದರಿಂದ ದೋಣಿಯ ರೂಪ ಕೆಡುವುದಿಲ್ಲ, ಬಣ್ಣದ ಕೆಲಸವೂ ಕಡಿಮೆಯಾಗುತ್ತದೆ. ಅನಂತರ ಆ ಹೊರಚರ್ಮದ ಒಳಮೈ ಹೊಸದಾಗಿ ಬಿಳಿಚಿಕೊಳ್ಳುವ ತನಕ 40ರ ಗ್ರಿಟ್ ಡಿಸ್ಕಿನಿಂದ ಉಜ್ಜಬೇಕು. ಅಂಟು ಹಿಡಿಯುವುದು ಈ ಉಜ್ಜುವಿಕೆಯ ಮೇಲೆ ನಿಂತಿದೆ, ಹಾಗಾಗಿ ಅತಿ ಬೇಸರದ ಈ ಹಂತವನ್ನು ಯಾರೂ ಅವಸರದಲ್ಲಿ ಮುಗಿಸಬಾರದು. ಉಜ್ಜುವಾಗ ಬರುವ ಗಾಜಿನ ಧೂಳಿಗೆ ಬಾಯಿಗೆ ಕಟ್ಟುವ ಟವೆಲು ಸಾಲದು. ಎನ್-95 ಅಥವಾ ಅದಕ್ಕಿಂತ ಉತ್ತಮ ಮುಖವಾಡ, ಮುಚ್ಚಿದ ಕನ್ನಡಕ, ಉದ್ದ ತೋಳಿನ ಅಂಗಿ ಬೇಕು. ದನ ಕಟ್ಟುವ ಕೊಟ್ಟಿಗೆಯಾದರೆ ದನಗಳನ್ನೂ ಅವುಗಳ ಮೇವನ್ನೂ ಅಲ್ಲಿಂದ ಸಾಗಿಸಿ.

ಗಾಜಿನ ನಾರನ್ನು ಹಿಡಿದಿಡುವ ಅಂಟು ದ್ರವವಾದ ರೆಸಿನ್ ವಿಷಯಕ್ಕೆ ಬಂದರೆ, ನಮ್ಮ ಅಂಗಡಿಗಳಲ್ಲಿ ಕೊಡುವ ಸಾದಾ ಪಾಲಿಯೆಸ್ಟರ್ ರೆಸಿನ್‌ಗೆ ಅನೇಕ ಸಲ ಎರಡು ದ್ರಾವಣಗಳನ್ನು ಬೇರೆ ಬೇರೆಯಾಗಿ ಕೊಡುತ್ತಾರೆ: ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ನೀರಿನಂತೆ ಕಾಣುವ ಎಂ.ಇ.ಕೆ.ಪಿ. ಹಾರ್ಡ್ನರ್. ಇವೆರಡನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸ್ಫೋಟವಾಗುತ್ತದೆ. ಮೊದಲು ಕೋಬಾಲ್ಟನ್ನು ಇಡೀ ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಬೇಕಾದಷ್ಟನ್ನು ಬೇರೆ ಪಾತ್ರೆಗೆ ತೆಗೆದು ಅದಕ್ಕೆ ಹಾರ್ಡ್ನರ್ ಹಾಕಬೇಕು. ಎರಡೂ ಸೀಸೆಗಳನ್ನು ಒಂದೇ ಕಪಾಟಿನಲ್ಲಿ ಇಡುವುದೂ ಬೇಡ. ಎಂ.ಇ.ಕೆ.ಪಿ. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದಾದ್ದರಿಂದ ಅಳೆಯುವಾಗಲೂ ಕನ್ನಡಕ ತೆಗೆಯಬೇಡಿ.

ಹಾರ್ಡ್ನರ್ ಪ್ರಮಾಣ ರೆಸಿನ್‌ನ ಶೇಕಡಾ 1ರಿಂದ 2. ಏಪ್ರಿಲ್ ತಿಂಗಳ ತುಮಕೂರಿನ ಬಿಸಿಲಿನಲ್ಲಿ ಶೇಕಡಾ 2 ಹಾಕಿದರೆ ಕುಂಚ ಅದ್ದುವಷ್ಟರಲ್ಲಿ ಗಟ್ಟಿಯಾಗುತ್ತದೆ. ಹಾಗೆಂದು ಶೇಕಡಾ 1ಕ್ಕಿಂತ ಕೆಳಗೆ ಇಳಿಸಿದರೆ ಪೂರ್ತಿ ಬಲಿಯುವುದೇ ಇಲ್ಲ. ಪ್ರಮಾಣವನ್ನು ಕದಲಿಸುವುದಕ್ಕಿಂತ ಬೆಳಗಿನ ತಂಪು ಹೊತ್ತಿನಲ್ಲಿ, ಅರ್ಧ ಅರ್ಧ ಕೆ.ಜಿ. ಮಾತ್ರ ಕಲಸಿ ಕೆಲಸ ಮಾಡುವುದು ಸರಿಯಾದ ದಾರಿ. ಉಳಿದ ರೆಸಿನ್ ಡಬ್ಬಿಯಲ್ಲೇ ಕಾದು ಹೊಗೆಯಾಡುತ್ತದೆ, ಅದನ್ನು ತೆಂಗಿನ ಗರಿಯ ಹತ್ತಿರ ಎಸೆಯದೆ ತೆರೆದ ಮಣ್ಣಿನ ಮೇಲೆ ತೆಳುವಾಗಿ ಸುರಿದುಬಿಡಿ.

ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್ ಒಂದು ಪದರ ಹಾಕಿದರೆ ಹೆಚ್ಚುಕಡಿಮೆ 1 ಮಿ.ಮೀ. ದಪ್ಪ ಬರುತ್ತದೆ, ಮತ್ತು ಅದು ತನ್ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ಹೆಚ್ಚು ರೆಸಿನ್ ಹಾಕಿದರೆ ಗಟ್ಟಿಯಾಗುತ್ತದೆ ಎಂಬುದು ತಪ್ಪು. ಬಲ ಇರುವುದು ಗಾಜಿನ ನಾರಿನಲ್ಲಿ, ರೆಸಿನ್ ಅದನ್ನು ಹಿಡಿದಿಡುತ್ತದೆ ಅಷ್ಟೆ. ಹಿಂಗೋಡೆ ತಳವನ್ನೂ ಬದಿಯನ್ನೂ ಸೇರುವ ಮೂಲೆಗಳಲ್ಲಿ ಮೊದಲು ಪುಟ್ಟಿಯಿಂದ ದುಂಡನೆಯ ತಿರುವು ಕೊಡಿ, ಏಕೆಂದರೆ ಚೂಪಾದ ಮೂಲೆಗೆ ಮ್ಯಾಟ್ ಕೂರದೆ ಗಾಳಿ ಉಳಿಯುತ್ತದೆ. ಆಮೇಲೆ ಒಂದಕ್ಕಿಂತ ಒಂದು ಅಗಲವಾದ ಪಟ್ಟಿಗಳನ್ನು ಪದರವಾಗಿ ಹಾಕಿ, ರೋಲರಿನಿಂದ ಗುಳ್ಳೆ ತೆಗೆಯಿರಿ. ಒಂದೇ ಸಲಕ್ಕೆ ಎರಡು ಮೂರು ಪದರಗಳಿಗಿಂತ ಹೆಚ್ಚು ಬೇಡ.

ರಸಾಯನ ಮೇಷ್ಟ್ರು, ಶಿರಾ

ಹಿಂಗೋಡೆಯ ಮಟ್ಟಿಗಾದರೂ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಬಳಸಬೇಕು ಎಂಬುದು ನನ್ನ ಅಭಿಪ್ರಾಯ. ಹಳೆಯ, ಪೂರ್ತಿ ಬಲಿತ ಪಾಲಿಯೆಸ್ಟರ್ ಮೇಲೆ ಹೊಸ ಪಾಲಿಯೆಸ್ಟರ್ ಕೇವಲ ಮೇಲ್ಮೈ ಅಂಟಿನಿಂದ ನಿಲ್ಲುತ್ತದೆ, ಮತ್ತು ಆ ಅಂಟಿನ ವಿಷಯದಲ್ಲಿ ಎಪಾಕ್ಸಿ ಹೆಚ್ಚು ಬಲಶಾಲಿ. ಮರಕ್ಕೂ ಅದು ಚೆನ್ನಾಗಿ ಹಿಡಿಯುತ್ತದೆ, ನೀರನ್ನೂ ಕಡಿಮೆ ಹೀರುತ್ತದೆ. ಎರಡು ಎಚ್ಚರಿಕೆ. ತುಂಡು ನಾರುಗಳಿಂದ ಮಾಡಿದ ಸಾದಾ ಚಾಪ್ಡ್ ಮ್ಯಾಟಿನ ನಾರುಗಳನ್ನು ಹಿಡಿದಿಡುವ ಬಂಧಕ, ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕದಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲದಿರುವುದರಿಂದ ಆ ಮ್ಯಾಟ್ ಮೆತ್ತಗಾಗುವುದಿಲ್ಲ. ಎಪಾಕ್ಸಿಗೆ ನೇಯ್ದ ಬಟ್ಟೆಯನ್ನೇ ಕೊಳ್ಳಬೇಕು. ಇನ್ನೊಂದು, ಬಲಿತ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಆಗಲಿ ಜೆಲ್ ಕೋಟ್ ಎಂಬ ಹೊಳಪಿನ ಹೊರಪದರವಾಗಲಿ ಸರಿಯಾಗಿ ನಿಲ್ಲುವುದಿಲ್ಲ, ಆದ್ದರಿಂದ ಆ ಭಾಗಕ್ಕೆ ಬಣ್ಣವೇ ಗತಿ. ಬಲಿತ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಬಂದರೆ ಉಜ್ಜುವ ಮುಂಚೆ ನೀರಿನಿಂದ ತೊಳೆಯಬೇಕು.

ಫೈಬರ್ ಕೈ, ಅಂತರಸನಹಳ್ಳಿ

ಮೇಷ್ಟ್ರು ಹೇಳಿದ ರಸಾಯನ ಸರಿಯೇ. ಆದರೂ ಮೂಲ ದೋಣಿ ಕಟ್ಟಿದ್ದು ಪಾಲಿಯೆಸ್ಟರಿನಲ್ಲೇ, ಮತ್ತು ಅದು ಹಾಳಾದದ್ದು ರೆಸಿನ್ನಿನ ದೋಷದಿಂದಲ್ಲ, ಮುಚ್ಚದೆ ಬಿಟ್ಟ ಬೋಲ್ಟ್ ರಂಧ್ರಗಳಿಂದ. 15 ಎಚ್‌ಪಿ ಎಂಜಿನ್ನಿಗೆ ಸರಿಯಾಗಿ ಉಜ್ಜಿ ಹಾಕಿದ ಪಾಲಿಯೆಸ್ಟರ್ ಸಾಲುತ್ತದೆ ಎಂದೇ ನಾನು ಹೇಳುವುದು. ಹಿಂಗೋಡೆಗೆ ಎಪಾಕ್ಸಿ, ಉಳಿದದ್ದಕ್ಕೆ ಪಾಲಿಯೆಸ್ಟರ್ ಎಂದು ತೀರ್ಮಾನಿಸಿದರೆ ಪಾಲಿಯೆಸ್ಟರ್ ಕೆಲಸವನ್ನು ಮೊದಲು ಮುಗಿಸಿ ಎಪಾಕ್ಸಿಯನ್ನು ಆಮೇಲೆ ಹಾಕಬೇಕು, ಆಗ ನಾನು ಕೊಟ್ಟ ಕ್ರಮ ತಿರುಗುತ್ತದೆ. ಈ ಗೊಂದಲಕ್ಕಾಗಿಯೇ ಹೊಸಬರಿಗೆ ಒಂದೇ ರೆಸಿನ್ ಸಾಕು ಎನ್ನುತ್ತೇನೆ.

ಬೋಲ್ಟ್ ರಂಧ್ರಗಳ ವಿಷಯದಲ್ಲಿ ಮಾತ್ರ ಎಪಾಕ್ಸಿಯೇ ಬೇಕು ಎಂದು ಒಪ್ಪುತ್ತೇನೆ. 10 ಮಿ.ಮೀ. ಬೋಲ್ಟಿಗೆ 16 ಮಿ.ಮೀ. ರಂಧ್ರ ಕೊರೆದು, ಅದನ್ನು ದಪ್ಪ ಮಾಡಿದ ಎಪಾಕ್ಸಿಯಿಂದ ತುಂಬಿ, ಬಲಿತ ಮೇಲೆ ನಡುವೆ 10 ಮಿ.ಮೀ. ರಂಧ್ರ ಕೊರೆಯಿರಿ. ಆಗ ಸೀಲಂಟ್ ಹಾಳಾದರೂ ನೀರಿಗೆ ಸಿಗುವುದು ಎಪಾಕ್ಸಿಯೇ ಹೊರತು ಮರವಲ್ಲ. ಕೆಳಗಿನ ನೀರು ಬಸಿಯುವ ತೂಬಿಗೂ ಇದೇ ಕ್ರಮ. ಆ ತೂಬಿನ ಸುತ್ತಲಿನ ಮರವೇ ಎಲ್ಲ ದೋಣಿಗಳಲ್ಲೂ ಮೊದಲು ಕೊಳೆಯುತ್ತದೆ.

ಗಾಳದ ಗೆಳೆಯ, ತುಮಕೂರು

ದೋಣಿಯನ್ನು ತೇಲಿಸಲು ನೆಲದ ಕೆಳಗೆ ತುಂಬುವ ಫೋಮ್ ಬಗ್ಗೆ ಯಾರೂ ಬರೆಯಲಿಲ್ಲ. ಒಂದು ಘನ ಅಡಿ ನೀರಿನ ತೂಕ ಸುಮಾರು 28 ಕೆ.ಜಿ. ನಿಮ್ಮ ನೆಲದ ಕೆಳಗೆ ಹತ್ತು ಘನ ಅಡಿ ನೆನೆದ ಫೋಮ್ ಇದ್ದರೆ ಇನ್ನೂರು ಕೆ.ಜಿ.ಗೂ ಮೀರಿದ ಭಾರವನ್ನು ದೋಣಿ ಸುಮ್ಮನೆ ಹೊರುತ್ತಿದೆ ಎಂದಾಯಿತು, ಆದ್ದರಿಂದ ಒಂದು ತುಣುಕೂ ಉಳಿಯದಂತೆ ತೆಗೆಯಿರಿ. ಒಣಗಿಸಿ ಮತ್ತೆ ಬಳಸುವ ಯೋಚನೆ ಬೇಡ.

ಹೊಸದಾಗಿ ತುಂಬಲು ಮುಚ್ಚಿದ ಕೋಶಗಳ, ಎರಡು ದ್ರವಗಳನ್ನು ಕಲಸಿ ಸುರಿಯುವ ಪಾಲಿಯುರೆಥೇನ್ ಫೋಮ್ ಸಿಗುತ್ತದೆ. ಘನ ಮೀಟರಿಗೆ 32 ಕೆ.ಜಿ. ಸಾಂದ್ರತೆಯದ್ದಾದರೆ ಪ್ರತಿ ಘನ ಅಡಿಗೆ ಸುಮಾರು 27 ಕೆ.ಜಿ. ತೇಲಿಸುವ ಶಕ್ತಿ ದೊರೆಯುತ್ತದೆ. ಅಗ್ಗವೆಂದು ಥರ್ಮೋಕೋಲ್ ತುಂಬಲು ಹೋಗಬೇಡಿ: ಅದು ಪಾಲಿಯೆಸ್ಟರ್ ರೆಸಿನ್ನಿನಲ್ಲೂ ಪೆಟ್ರೋಲಿನಲ್ಲೂ ಕರಗುತ್ತದೆ. ಫೋಮ್ ತುಂಬುವಾಗ ತಳದ ನಡುಗೆರೆಯ ಉದ್ದಕ್ಕೂ ನೀರು ಹಿಂಬದಿಯ ತೂಬಿಗೆ ಹರಿಯುವಂತೆ ಖಾಲಿ ದಾರಿ ಬಿಡುವುದು ಕಡ್ಡಾಯ. ಹಳೆಯ ಫೋಮ್ ನೆನೆದದ್ದಕ್ಕೆ ಆ ದಾರಿ ಇಲ್ಲದ್ದೇ ಕಾರಣವಿರಬೇಕು.

ಪಡುಗಡಲು, ಮಲ್ಪೆಯಿಂದ ಬಂದು ತುಮಕೂರಿನಲ್ಲಿ ನೆಲೆಸಿದವನು

ಎಂಜಿನ್ ವಿಷಯ ನನಗೆ ಬಿಡಿ. ಫ್ಲೈವೀಲ್ ತಿರುಗದಿದ್ದರೆ ಹಗ್ಗ ಸುತ್ತಿ ಇಬ್ಬರು ಜಗ್ಗುವ ಸಾಹಸ ಬೇಡ, ಪಿಸ್ಟನ್ ರಿಂಗ್ ಮುರಿಯುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರಿನೊಳಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲವು ದಿನ ನೆನೆಯಲು ಬಿಟ್ಟು, ಫ್ಲೈವೀಲ್ ನಟ್ಟಿಗೆ ಉದ್ದ ಹಿಡಿಕೆಯ ಪಾನಾ ಹಾಕಿ ನಟ್ಟು ಬಿಗಿಯುವ ದಿಕ್ಕಿನಲ್ಲಿ ಮೃದುವಾಗಿ ಆಡಿಸಿ. ಬಿಡಿಸಿಕೊಂಡರೆ ಸಿಲಿಂಡರಿನೊಳಗಿನ ಒತ್ತಡವಾದ ಕಂಪ್ರೆಷನ್ ಅಳೆಯಿಸಿ. ಎರಡು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇಕಡಾ 10ರಿಂದ 15ರೊಳಗಿದ್ದರೆ ಖರ್ಚು ಮಾಡಲು ಯೋಗ್ಯ, ಇಲ್ಲದಿದ್ದರೆ ಬಿಡಿಭಾಗಕ್ಕೆ ಮಾರಿಬಿಡಿ.

ಕೆಳಗಿನ ಗೇರ್ ಪೆಟ್ಟಿಗೆಯ ತಿರುಪು ಬಿಚ್ಚಿ ಎಣ್ಣೆಯನ್ನು ನೋಡಿ. ಹಾಲು ಬೆರೆತ ಬಣ್ಣ ಬಂದರೆ ಸೀಲಿನಿಂದ ನೀರು ಹೊಕ್ಕಿದೆ, ಸೀಲ್ ಬದಲಿಸಿ ಹೊಸ ಎಣ್ಣೆ ತುಂಬಬೇಕು. ನೀರು ಎತ್ತುವ ಪಂಪಿನ ರಬ್ಬರ್ ಇಂಪೆಲ್ಲರನ್ನು ಚೆನ್ನಾಗಿದೆ ಎಂದು ಕಂಡರೂ ಬದಲಿಸಿ, ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ನಿಂತ ರೆಕ್ಕೆಗಳು ಬಾಗಿ ಗಟ್ಟಿಯಾಗಿರುತ್ತವೆ. ಮೊದಲ ಸಲ ಎಂಜಿನ್ ಹಚ್ಚುವುದು ನೀರು ತುಂಬಿದ ಡ್ರಮ್ಮಿನಲ್ಲಿ. ಒಣದಾಗಿ ಒಂದು ನಿಮಿಷವೂ ಓಡಿಸಕೂಡದು. ಎಂಜಿನ್ ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಬರುತ್ತಿರಬೇಕು.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಂಡು, ಹೆಚ್ಚಾದಾಗ ನೀರಿನೊಂದಿಗೆ ಟ್ಯಾಂಕಿನ ತಳದಲ್ಲಿ ಬೇರ್ಪಡುತ್ತದೆ. ಹಳೆಯ ರಬ್ಬರ್ ಕೊಳವೆ ಮತ್ತು ಡಯಾಫ್ರಮ್‌ಗಳನ್ನೂ ಕೆಡಿಸುತ್ತದೆ. ಇಂಧನದ ಕೊಳವೆಗಳನ್ನೆಲ್ಲ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ, ಪ್ರತಿ ಸಲ ಬಳಸಿದ ಮೇಲೆ ಕಾರ್ಬೊರೇಟರನ್ನು ಖಾಲಿ ಮಾಡಿಡಿ. ಎಣ್ಣೆಯ ಪ್ರಮಾಣ ಸಾಮಾನ್ಯವಾಗಿ 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ.; ಎಂಜಿನ್ನಿನ ಮೇಲಿನ ಫಲಕದಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಸ್ಕೂಟರಿನ ಎರಡು ಸ್ಟ್ರೋಕ್ ಎಣ್ಣೆ ಬೇಡ, ಟಿ.ಸಿ.-ಡಬ್ಲ್ಯೂ3 ಎಂದು ಬರೆದಿರುವ, ನೀರಿನಿಂದ ತಣಿಯುವ ಎಂಜಿನ್ನುಗಳಿಗೆ ಮಾಡಿದ ಎಣ್ಣೆ ಬೇಕು.

ಕರಾವಳಿಯಲ್ಲಿ ಓಡಿದ ಎಂಜಿನ್ ಆದ್ದರಿಂದ ಎಂಜಿನ್ ತುಕ್ಕು ಹಿಡಿಯದಂತೆ ತಾನೇ ಸವೆಯುವ ಲೋಹದ ತುಂಡಾದ ಆನೋಡ್ ಸತುವಿನದ್ದಾಗಿರಬಹುದು. ಸಿಹಿನೀರಿನಲ್ಲಿ ಸತು ಸರಿಯಾಗಿ ಕೆಲಸ ಮಾಡುವುದಿಲ್ಲ, ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಆನೋಡ್ ಹಾಕಿಸಿ.

ಶಿಂಷಾತೀರ, ಕುಣಿಗಲ್

ಎಲ್ಲರಿಗೂ ಕೃತಜ್ಞತೆಗಳು. ಫ್ಲೈವೀಲ್ ಬಿಟ್ಟುಕೊಂಡಿತು, ಕಂಪ್ರೆಷನ್ ಅಳೆಸಬೇಕಿದೆ. ಪೂರ್ತಿ ಪಾಲಿಯೆಸ್ಟರಿನಲ್ಲೇ ಮಾಡಿ ರಂಧ್ರಗಳಿಗೆ ಮಾತ್ರ ಎಪಾಕ್ಸಿ ಬಳಸುವುದೆಂದು ತೀರ್ಮಾನಿಸಿದ್ದೇನೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಕಡೆ ಮಳೆ ಹೆಚ್ಚಿರುವುದರಿಂದ ಆಗ ಮರ ತೆಗೆಯುವುದು, ಉಜ್ಜುವುದು ಮುಗಿಸಿ, ಚಿಪ್ಪನ್ನು ಚೆನ್ನಾಗಿ ಒಣಗಲು ಬಿಟ್ಟು, ರೆಸಿನ್ ಕೆಲಸವನ್ನು ಜನವರಿಯಿಂದ ಹಿಡಿಯುವ ಯೋಚನೆ. ಬಣ್ಣ, ಸಾಗಣೆ ಮತ್ತು ಎಷ್ಟು ಜನ ಕೂರಬಹುದು ಎಂಬುದರ ಬಗ್ಗೆ ಇನ್ನಷ್ಟು ತಿಳಿಸಿ.

ಫೈಬರ್ ಕೈ, ಅಂತರಸನಹಳ್ಳಿ

ಕಾಲದ ಆಯ್ಕೆ ಸರಿಯಾಗಿದೆ. ತೆಂಗಿನಕಾಯಿ ಬಿದ್ದ ನಕ್ಷತ್ರದ ಬಿರುಕುಗಳ ಹಿಂಬದಿಯನ್ನು ಒಳಗಿನಿಂದ ಪರೀಕ್ಷಿಸಿ; ಅಲ್ಲಿ ನಾರು ಬಿಳಿಚಿದ್ದರೆ ಒಳಗಿನಿಂದ ಎರಡು ಪದರ ಮ್ಯಾಟ್ ಹಾಕಿದ ಮೇಲೆಯೇ ಹೊರಗಿನ ಬಿರುಕನ್ನು ಕೊರೆದು ಜೆಲ್ ಕೋಟಿನಿಂದ ತುಂಬಬೇಕು. ಕೊನೆಯ ಜೆಲ್ ಕೋಟಿಗೆ ಮೇಣದ ದ್ರಾವಣ ಬೆರೆಸದಿದ್ದರೆ ಗಾಳಿ ತಾಗುವ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ನೀರಿನ ಮಟ್ಟದ ಕೆಳಗೆ ಕಾರಿನ ಪುಟ್ಟಿ ಬಳಸಬೇಡಿ, ಅದು ತೇವ ಹೀರುತ್ತದೆ. ಎರಡು ಡಬ್ಬಿಯ ಪಿ.ಯು. ಬಣ್ಣವನ್ನು ಸ್ಪ್ರೇ ಮಾಡುವುದು ಮನೆಯಲ್ಲಿ ಮಾಡುವ ಕೆಲಸವಲ್ಲ, ಅದರಲ್ಲಿರುವ ಐಸೊಸೈನೇಟ್ ಎಂಬ ವಿಷಕಾರಿ ರಾಸಾಯನಿಕದ ಹಬೆಗೆ ಹೊರಗಿನಿಂದ ಗಾಳಿ ಕೊಡುವ ಮುಖವಾಡ ಬೇಕಾಗುತ್ತದೆ. ಕಾರಿಗೆ ಬಣ್ಣ ಹೊಡೆಯುವ ಅಂಗಡಿಗೇ ಒಯ್ಯಿರಿ.

ಗಾಳದ ಗೆಳೆಯ, ತುಮಕೂರು

ಜನರ ಲೆಕ್ಕಕ್ಕೆ ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಬಳಸುವ ಒಂದು ಸುಲಭ ಸೂತ್ರವಿದೆ: ಅಡಿಗಳಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸುವುದು. ನಿಮ್ಮದಕ್ಕೆ 70ನ್ನು 15ರಿಂದ ಭಾಗಿಸಿದರೆ ನಾಲ್ಕೂವರೆಯ ಹತ್ತಿರ ಬರುತ್ತದೆ, ಅಂದರೆ ನಾಲ್ವರು. ಅಟ್ಟದ ಮೇಲೆ ನಿಂತು ಗಾಳ ಎಸೆಯುವಾಗ ಭಾರ ಮೇಲಕ್ಕೇರುವುದರಿಂದ ಮೂವರನ್ನು ಮೀರಬೇಡಿ, ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಲಿ.

ಟಾಟಾ ಏಸ್‌ನಲ್ಲಿ ಸಾಗಿಸುವ ಯೋಚನೆ ಇದ್ದರೆ ಬಿಡಿ, ಅದರ ಹಿಂಭಾಗದ ಉದ್ದ ಏಳು ಅಡಿಯ ಆಸುಪಾಸು, ದೋಣಿಯ ಅರ್ಧ ಹೊರಗೇ ಉಳಿಯುತ್ತದೆ. 14 ಅಡಿಯ ಒಡಲಿರುವ ಕ್ಯಾಂಟರ್ ಬಾಡಿಗೆಗೆ ತೆಗೆದುಕೊಂಡು, ಅದೇ ತೊಟ್ಟಿಲಿನ ಸಮೇತ ಏರಿಸಿ. ದಾರಿಯಲ್ಲಿ ಯಾವುದಾದರೂ ವೇ ಬ್ರಿಡ್ಜ್‌ನ ಮೇಲೆ ಗಾಡಿಯನ್ನು ದೋಣಿಯೊಂದಿಗೂ ಬಿಟ್ಟೂ ತೂಗಿಸಿದರೆ ಒಳಗೆ ನೀರು ಉಳಿದಿಲ್ಲವೆಂಬುದಕ್ಕೆ ಒಂದು ಲೆಕ್ಕ ಸಿಗುತ್ತದೆ.

ಅನುಮತಿಯ ಕೆಲಸವನ್ನು ರೆಸಿನ್ ಕೊಳ್ಳುವ ಮುನ್ನವೇ ಆರಂಭಿಸಿ. ಕೆರೆ ಮತ್ತು ಜಲಾಶಯಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಅಥವಾ ಪರವಾನಗಿಯ ಮೇಲೆ ಕೊಡುತ್ತದೆ, ಸಾಮಾನ್ಯವಾಗಿ ಸ್ಥಳೀಯ ಮೀನುಗಾರರ ಸಹಕಾರ ಸಂಘಗಳಿಗೆ. ಅವರ ಒಪ್ಪಿಗೆ ಇಲ್ಲದೆ ಗಾಳ ಹಾಕುವುದು ತಪ್ಪು, ಅವರ ಬಲೆಗಳ ಮೇಲೆ ಪ್ರೊಪೆಲ್ಲರ್ ಓಡಿಸುವುದು ಇನ್ನೂ ದೊಡ್ಡ ತಪ್ಪು. ನೀರು ನೀರಾವರಿಯವರದ್ದು, ಅವರಿಂದಲೂ ಲಿಖಿತ ಅನುಮತಿ ಬೇಕು. ಯಂತ್ರಚಾಲಿತ ದೋಣಿಗೆ 1917ರ ಹಳೆಯ ಕಾಯ್ದೆಯ ಬದಲಾಗಿ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯ ನೋಂದಣಿಯ ವಿಷಯವನ್ನೂ ಅರ್ಜಿಯಲ್ಲೇ ಕೇಳಿಕೊಳ್ಳಿ. ಬುಗುಡನಹಳ್ಳಿಯಂಥ ಕುಡಿಯುವ ನೀರಿನ ಕೆರೆಯಲ್ಲಿ ಪೆಟ್ರೋಲ್ ಎಂಜಿನ್ನಿನ ಮಾತೇ ಎತ್ತಬೇಡಿ.

ನಿಮ್ಮ ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಜಲಾಶಯಕ್ಕೆ ಅನುಮತಿ ಸಿಕ್ಕರೆ ಒಂದು ಮಾತು ನೆನಪಿರಲಿ. ಅಲ್ಲಿ ನೀರು ಮಟ್ಟ ಮೀರಿದಾಗ ತಾವಾಗಿಯೇ ಹರಿಯಲಾರಂಭಿಸುವ ಸೈಫನ್‌ಗಳಿವೆ, ಗೇಟು ಎತ್ತುವವರು ಮುಂಚಿತವಾಗಿ ಎಚ್ಚರಿಸುವ ಸಂದರ್ಭವೇ ಬರುವುದಿಲ್ಲ. ಜಲಾಶಯ ತುಂಬಿರುವ ದಿನಗಳಲ್ಲಿ ಆ ಕಡೆಗೆ ದೋಣಿ ತಿರುಗಿಸಬೇಡಿ.

ಶಿಂಷಾತೀರ, ಕುಣಿಗಲ್

ಅನುಮತಿಯ ಅರ್ಜಿಯನ್ನು ಈ ವಾರವೇ ಬರೆಯುತ್ತೇನೆ. ತೊಟ್ಟಿಲಿಗೆ ಮರ ಕೊಯ್ಸಲು ಕೊಟ್ಟಾಗಿದೆ. ಅದಕ್ಕಾದರೂ ತೆಂಗಿನ ಹಲಗೆ ನಡೆಯುತ್ತದೆಯೇ?

ಬಡಗಿ ಮನೆ, ತಿಪಟೂರು

ತೊಟ್ಟಿಲಿಗೆ ಧಾರಾಳವಾಗಿ ನಡೆಯುತ್ತದೆ. ಕಾಂಡದ ಬುಡದ ಹೊರಭಾಗದ ಹಲಗೆಯನ್ನೇ ಆರಿಸಿಕೊಂಡು, ದೋಣಿ ತಾಗುವ ಅಂಚಿಗೆ ಹಳೆಯ ಕಾರ್ಪೆಟ್ ಹೊಡೆಯಿರಿ.